ನಕಾಶೆಯಲ್ಲಿ ಬಿಟ್ಟ ಸಂದಿ

ನಮ್ಮ ಮನೆ ಎಲ್ಲಿ ಅಂತ ಕೇಳಿದವರಿಗೆ ಓಣಿಯಲ್ಲಿ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. ‘ಸಂದಿ ಆಚಾರ್ರ ಮನಿ’ ಅಂದರೆ ಹೊಸಪೇಟೆಯ ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಗೊತ್ತಾಗುತ್ತಿತ್ತು. ಸಂದಿ ಅಂದರೆ ನಮ್ಮ ಮನೆಯ ಎಡಗೋಡೆಗೂ ಪಕ್ಕದ ಎಣ್ಣೆ ಅಂಗಡಿಯ ಗೋದಾಮಿಗೂ ನಡುವೆ ಇದ್ದ ಇಕ್ಕಟ್ಟಾದ ಕಾಲುದಾರಿ. ಎದುರುಬದುರು ಇಬ್ಬರು ಬಂದರೆ ಒಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ತಲೆಯ ಮೇಲೆ ಮೇವಿನ ಹೊರೆ ಇದ್ದರೆ ಎರಡೂ ಕಡೆ ಸವರಿಕೊಂಡೇ ಹೋಗಬೇಕು. ಹಾಗೆ ಸವರಿ ಸವರಿ ನಮ್ಮ ಗೋಡೆಯ ಸುಣ್ಣ ಆಳೆತ್ತರದಲ್ಲಿ ಯಾವಾಗಲೂ ಹಸಿರಾಗಿರುತ್ತಿತ್ತು. ಸಂದಿ ದಾಟಿದರೆ ಕಬ್ಬಿನ ಗದ್ದೆ, ಗದ್ದೆಯ ಬದುವಿನ ಮೇಲೆ ನೂರು ಹೆಜ್ಜೆ ನಡೆದರೆ ಕಾಲುವೆ, ಕಾಲುವೆಗೆ ಅಡ್ಡ ಹಾಕಿದ ಒಂದು ಚಪ್ಪಡಿ ಕಲ್ಲು, ಆಚೆ ದಂಡೆಯಲ್ಲಿ ಗದ್ದೆ ಕೆಲಸದವರ ಕೇರಿ. ಕೇರಿಯವರು ಬಜಾರಿಗೆ, ಆಸ್ಪತ್ರೆಗೆ, ಸಾಲಿಗೆ, ಬಸ್ಸಿಗೆ ಬರುವ ಹತ್ತಿರದ ದಾರಿ ಅದೊಂದೇ. ಬಾಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೇರಿ ಬಿಟ್ಟರೆ ಅದರ ರಸ ಇಳಿಯುವುದರೊಳಗೆ ಬಜಾರಿನಲ್ಲಿರುತ್ತಿದ್ದರು.

ನಮ್ಮ ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗೆ ಇತ್ತು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಬಲಕ್ಕೆ ದೇವರ ಮನೆ, ಕಡೆಗೆ ಅಡುಗೆಮನೆ, ಅದರಾಚೆ ಹಿತ್ತಲು. ಅಡುಗೆಮನೆಗೆ ಒಂದು ಕಟ್ಟಿಗೆ ಸರಳಿನ ಕಿಟಕಿ, ಸಂದಿಯ ಕಡೆಗೆ. ಅದರ ಪಕ್ಕದಲ್ಲೇ ಸಂದಿಗೆ ತೆರೆಯುವ ಒಂದು ಗಿಡ್ಡ ಬಾಗಿಲು. ನಾನು ಪ್ರಪಂಚವನ್ನು ನೋಡಿದ್ದು ಪಡಸಾಲೆಯಿಂದ ಅಲ್ಲ, ಆ ಕಿಟಕಿಯಿಂದ. ನೋಡಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನಬೇಕು. ಬೆಳಿಗ್ಗೆ ಬರಿಗಾಲಿನ ಸಪ್ಪಳ, ಕುಡುಗೋಲು ಗೋಡೆಗೆ ತಾಗಿದ ಸದ್ದು, ಕೂಸಿನ ಅಳು, ಗಂಡನನ್ನು ಬೈಯುತ್ತ ಹೋಗುವವಳ ಮಾತಿನ ಅರ್ಧ. ಉಳಿದರ್ಧ ಸಂಜೆ ಅವಳು ವಾಪಸು ಬರುವಾಗ ಸಿಗುತ್ತಿತ್ತು. ಯಾರ ಮನೆಯಲ್ಲಿ ಎಮ್ಮೆ ಈಯಿತು, ಯಾರ ಸೊಸೆ ಓಡಿಹೋದಳು, ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ಅಜ್ಜಿಗೆ ಇದು ಸೇರುತ್ತಿರಲಿಲ್ಲ. ಅಪ್ಪನ ತಾಯಿ ಅವರು. ತಲೆ ತುಂಬ ಕೆಂಪು ಸೀರೆ ಹೊದ್ದು, ಮಡಿಯಲ್ಲಿ ಬೇಯಿಸಿಕೊಂಡು, ಏಕಾದಶಿಗೆ ಒಂದು ಹನಿ ನೀರೂ ಕುಡಿಯದ ಹೆಂಗಸು. ಸಂದಿಯಲ್ಲಿ ಯಾರಾದರೂ ಕೆಮ್ಮಿದರೂ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕುತ್ತಿದ್ದರು. ಕೇರಿಯವರು ಗೋಡೆ ಮುಟ್ಟಿದರು ಅಂತ ವಾರಕ್ಕೊಮ್ಮೆ ಆ ಗೋಡೆಯನ್ನು ಅಮ್ಮನ ಕೈಯಲ್ಲಿ ಸೆಗಣಿ ನೀರಿನಿಂದ ಸಾರಿಸುತ್ತಿದ್ದರು. ಅದೇ ಗೋಡೆಗೆ ಅದೇ ಹೊರೆ ಮರುದಿನ ಮತ್ತೆ ಸವರಿ ಹೋಗುತ್ತಿತ್ತು.

ಅಮ್ಮ ಕಂಪ್ಲಿಯವಳು. ತವರಿನ ಅಕ್ಕಿಯ ಚೀಲ ವರ್ಷಕ್ಕೆರಡು ಸಲ ಬಸ್ಸಿನ ಮೇಲೆ ಬರುತ್ತಿತ್ತು, ಅದರ ಅನ್ನ ಉಣ್ಣುವಾಗ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು. ಮಧ್ಯಾಹ್ನ ಊಟವಾಗಿ ಅಜ್ಜಿ ನಡುಮನೆಯಲ್ಲಿ ಕಣ್ಣು ಮುಚ್ಚಿದ ಮೇಲೆ ಅವಳು ಕಿಟಕಿಯ ಒಳಗೆ ಬಂದು ಕೂಡುತ್ತಿದ್ದಳು. ಹೊರಗೆ, ಸಂದಿಯ ಮೋರಿ ಕಲ್ಲಿನ ಮೇಲೆ, ಹುಲಿಗೆವ್ವ. ಕೇರಿಯ ಹುಲಿಗೆವ್ವ ಕಬ್ಬು ಕಡಿಯುವ ಹೆಂಗಸು. ನಮ್ಮ ಮನೆಗೆ ಬಾಳೆಲೆ, ಒಲೆಗೆ ಕುಳ್ಳು ತಂದುಕೊಡುತ್ತಿದ್ದಳು. ಇಬ್ಬರಿಗೂ ಒಂದೊಂದು ಕೂಸು ಹುಟ್ಟಿ ಸತ್ತಿದ್ದವು, ಒಂದೇ ಮಳೆಗಾಲದಲ್ಲಿ. ಅದರಿಂದ ಶುರುವಾದ ಮಾತು ಎಷ್ಟೋ ವರ್ಷ ನಡೆಯಿತು. ಅಮ್ಮ ಒಗ್ಗರಣೆ ಮಂಡಾಳು, ಅಂದರೆ ಮಂಡಕ್ಕಿ, ಬಾಳೆಲೆಯಲ್ಲಿ ಕಟ್ಟಿ ಸರಳಿನ ಸಂದಿನಿಂದ ಬಿಡುತ್ತಿದ್ದಳು, ಹುಲಿಗೆವ್ವ ಕೆಳಗೆ ಸೆರಗು ಹಿಡಿಯುತ್ತಿದ್ದಳು. ಕೈಗೆ ಕೈ ತಾಗಲಿಲ್ಲ, ಒಮ್ಮೆಯೂ. ಆದರೆ ಅಮ್ಮ ತನ್ನ ಅಕ್ಕತಂಗಿಯರ ಹತ್ತಿರ ಆಡದ ಮಾತನ್ನು ಅಲ್ಲಿ ಆಡುತ್ತಿದ್ದಳು. ನಾನು ಹಿಟ್ಟಿನ ಡಬ್ಬದ ಮರೆಯಲ್ಲಿ ಕೂತು ಕೇಳುತ್ತಿದ್ದೆ.

ಹುಲಿಗೆವ್ವನ ಮಗಳು ದುರ್ಗಿ ನನ್ನ ತರಗತಿಯವಳು. ಸಂದಿಯ ಬಾಯಿಗೆ ಬಂದು ‘ಲೇ ವನಜಾ’ ಅಂದರೆ ನಾನು ಚೀಲ ಹಾಕಿಕೊಂಡು ಗಿಡ್ಡ ಬಾಗಿಲಿನಿಂದ ಹೊರಬೀಳುತ್ತಿದ್ದೆ. ಬಜಾರು ದಾಟಿ ಸಾಲಿ. ದಾರಿಯುದ್ದಕ್ಕೂ ಅವಳು ಲೆಕ್ಕ ಮಾಡುತ್ತಿದ್ದಳು, ಬಾಯಲ್ಲೇ. ಅಂಗಡಿ ಬೋರ್ಡಿನ ಅಂಕಿ, ಬಸ್ಸಿನ ನಂಬರು, ಕಂಡದ್ದೆಲ್ಲ ಕೂಡಿಸಿ ಭಾಗಿಸಿ ಹೇಳುತ್ತಿದ್ದಳು. ಗಣಿತದ ಮಾಸ್ತರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಆಚಾರ್ರ ಮಗಳಾ, ದುರ್ಗಮ್ಮನ ನೋಟ್‌ಬುಕ್ ನೋಡಿ ಬರಕೋ” ಅನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಅದನ್ನು ಹೇಳಬಾರದಿತ್ತು, ಒಮ್ಮೆ ಹೇಳಿಬಿಟ್ಟೆ. ಅಜ್ಜಿ ಹೂಬತ್ತಿ ಹೊಸೆಯುವುದು ನಿಲ್ಲಿಸಿ ನನ್ನನ್ನೇ ನೋಡಿದರು.

“ಕೇರಿ ಹುಡುಗಿ ಬರದಿದ್ದನ್ನ ನೋಡಿ ನೀ ಬರೀತೀಯೇನು? ನಿಮ್ಮ ತಾತ ಇದ್ದಿದ್ರ ಏನಂತಿದ್ರೋ.”

ಆ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತಿತು. ಅದು ಅಲ್ಲಿ ಕೂತಿದೆ ಅಂತ ನನಗೇ ಗೊತ್ತಿರಲಿಲ್ಲ.

ಅಪ್ಪ ಸರ್ಕಾರಿ ಆಫೀಸೊಂದರಲ್ಲಿ ನಕಾಶೆ ಬರೆಯುವವರು. ಸಂಜೆ ಮನೆಗೆ ಬಂದ ಮೇಲೆ ಪಡಸಾಲೆಯ ಇಳಿಜಾರು ಮೇಜಿನ ಮೇಲೆ ಹೊರಗಿನವರ ಕೆಲಸವನ್ನೂ ಮಾಡುತ್ತಿದ್ದರು. ಕಪ್ಪು ಮಸಿ, ಎರಡು ಮೂಲೆಮಟ್ಟ, ತಪ್ಪು ಕೆರೆಯಲು ಒಂದು ಬ್ಲೇಡು. ಅವರ ಗೆರೆ ನಡುಗುತ್ತಿರಲಿಲ್ಲ. ಮನುಷ್ಯ ಮಾತ್ರ ನಡುಗುತ್ತಿದ್ದರು. ದೊಡ್ಡವರು ಯಾರಾದರೂ ಬಂದರೆ ಎದ್ದು ನಿಂತು, ಕೂಡ್ರಿ ಅನ್ನುವುದನ್ನೂ ಮರೆತು, ಅವರು ಅಂದದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಅಪ್ಪ ಕೆಟ್ಟವರಲ್ಲ. ಇದನ್ನು ನಾನು ಈಗ ಬರೆಯುತ್ತಿದ್ದೇನೆ, ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಹಿಂದಿನ ಕಬ್ಬಿನ ಗದ್ದೆಯ ಯಜಮಾನರು ಮನೆಗೆ ಬಂದರು. ಕಬ್ಬು ಸಾಕಾಗಿತ್ತು ಅವರಿಗೆ. ಊರು ಆ ಕಡೆಗೆ ಚಾಚುತ್ತಿತ್ತು, ಗದ್ದೆಯನ್ನು ಲೇಔಟ್ ಮಾಡಿ ಸೈಟು ಹಾಕಬೇಕಿತ್ತು. ಹೆದ್ದಾರಿಯಿಂದ ಒಳಗೆ ಬರುವ ಒಂದೇ ರಸ್ತೆ, ಅದರಿಂದ ಎಡಕ್ಕೆ ಬಲಕ್ಕೆ ಅಡ್ಡರಸ್ತೆ. ಅಪ್ಪ ಹದಿನೈದು ದಿನ ಆ ನಕಾಶೆ ಬರೆದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಪ್ರತಿ ಚೌಕಕ್ಕೂ ಒಂದು ನಂಬರು, ಒಂದು ಮೂಲೆಗೆ ಉದ್ಯಾನವನ ಅಂತ ಚಿಕ್ಕ ಚಿಕ್ಕ ಗಿಡದ ಗುರುತು. ನಮ್ಮ ಮನೆಯೂ ಅಂಚಿನಲ್ಲಿ ಒಂದು ಚೌಕವಾಗಿತ್ತು.

“ಅಪ್ಪಾ, ಸಂದಿ ಎಲ್ಲದ ಇದರಾಗ?” ಅಂದೆ.

“ಸಂದಿ ದಾರಿ ಅಲ್ಲಮ್ಮ. ಯಾವ ರೆಕಾರ್ಡಿನಾಗೂ ಇಲ್ಲ ಅದು.”

“ಮತ್ತ ದಿನಾ ಮಂದಿ ಹೋಗ್ತಾರಲ್ಲ?”

ಅಪ್ಪ ಮಸಿ ಒಣಗಲಿ ಅಂತ ಊದಿದರು. ಉತ್ತರ ಮರುದಿನ ಸಿಕ್ಕಿತು. ಯಜಮಾನರು ಪಡಸಾಲೆಯಲ್ಲಿ ಕೂತು ಕಾಫಿ ಕುಡಿಯುತ್ತ ಅಂದದ್ದನ್ನು ನಾನೇ ಕೇಳಿದೆ.

“ಆಚಾರ್ರ, ಆ ಸಂದಿ ಹಂಗ ಬಿಟ್ರ ಕೇರಿ ಮಂದಿ ಎಲ್ಲಾ ಲೇಔಟಿನಾಗ ಹಾದು ಅಡ್ಡಾಡ್ತಾರ. ಸೈಟು ಯಾರು ತಗೋತಾರ್ರಿ ಆಮ್ಯಾಲ? ನಿಮ್ಮ ಗೋಡಿ ಸಾಲಿಗೆ ನಾ ಒಂದು ಕಂಪೌಂಡು ಎಬ್ಬಿಸ್ತೀನಿ. ನಿಮಗೂ ಒಳ್ಳೇದು, ತಾಯೇರ ಮಡಿಗೂ ಒಳ್ಳೇದು.”

ಅಜ್ಜಿ ಒಳಗಿನಿಂದಲೇ, “ಪುಣ್ಯಾ ಬರ್ತದ ನೋಡಪ್ಪಾ ನಿನಗ” ಅಂದರು. ಅಪ್ಪ ಹೂಂ ಅಂದರು.

ಆ ರಾತ್ರಿಯ ಊಟ ನೆನಪಿದೆ. ತೊವ್ವೆ, ಹೀರೆಕಾಯಿ ಪಲ್ಯ. ಅಮ್ಮ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತುಬಿಟ್ಟಳು.

“ಆ ಮಂದಿ ಎತ್ಲಾಗಿಂದ ಬರಬೇಕ್ರಿ ಊರೊಳಗ?”

“ಹೆದ್ದಾರಿ ಅದಲ್ಲ. ಸುತ್ತಿ ಬರ್ತಾರ.”

“ಹೆದ್ದಾರಿ ಮ್ಯಾಲೆ ಅದಿರಿನ ಲಾರಿ ಸಾಲುಗಟ್ಟಿ ಹೊಂಟಿರ್ತಾವ. ಕೂಸು ಕುನ್ನಿ ಕಟ್ಟಿಕೊಂಡು ಅಲ್ಲಿ ನಡೀಲಿ ಅಂತೀರಾ?”

“ನಾ ಏನ್ ಮಾಡ್ಲಿ? ಜಾಗ ಅವರದು.”

“ಗೆರಿ ನಿಮ್ಮದಲ್ಲ?”

ಅಪ್ಪ ಮಜ್ಜಿಗೆ ಅನ್ನ ಬಿಟ್ಟು ಎದ್ದರು. ನಮ್ಮ ಮನೆಯಲ್ಲಿ ಎಲೆಯಲ್ಲಿ ಅನ್ನ ಬಿಟ್ಟು ಎದ್ದದ್ದು ಅದೇ ಮೊದಲು. ಅಮ್ಮ ಮೂರು ದಿನ ಮಾತಾಡಲಿಲ್ಲ, ನಾಲ್ಕನೇ ದಿನ ಅಪ್ಪ ಯಜಮಾನರ ಮನೆಗೆ ಹೋಗಿ, ಹೇಗೆ ಬಾಯಿ ತೆರೆದರೋ, ಒಂದು ಗೇಟು ಕೇಳಿಕೊಂಡು ಬಂದರು. ಕಂಪೌಂಡಿನಲ್ಲಿ ಸಂದಿಯ ಬಾಯಿಗೆ ಒಂದು ಗೇಟು, ಅದರ ಕೀಲಿ ನಮ್ಮ ಮನೆಯಲ್ಲಿ. ಲೇಔಟಿನಲ್ಲಿ ಮನೆಗಳು ಏಳುವ ತನಕ ಕೇರಿಯವರು ಖಾಲಿ ಸೈಟುಗಳನ್ನು ದಾಟಿ ಬಂದು ಹೋಗಲಿ, ಬೆಳಗಿನಿಂದ ದೀಪ ಹಚ್ಚುವ ತನಕ. ಹಾಗಂತ ಮಾತಾಯಿತು. ಬರವಣಿಗೆ ಏನೂ ಇಲ್ಲ.

ಕಬ್ಬು ಕಡಿದರು. ಬೇರು ಸುಟ್ಟರು. ಗದ್ದೆಯ ಕರಿಮಣ್ಣಿನ ಮೇಲೆ ಕೆಂಪು ಮೊರಂ ಹೊಡೆದು, ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟರು. ಅಪ್ಪನ ಮೇಜಿನ ಮೇಲೆ ನಾನು ನೋಡಿದ್ದೆಲ್ಲ ನೆಲದ ಮೇಲೆ ಹಾಗೆಯೇ ಎದ್ದಿತು. ಕಂಪೌಂಡು ನಮ್ಮ ಹಿತ್ತಲ ಸಾಲಿಗೆ ಆಳೆತ್ತರ ಬಂತು, ಸಂದಿಯ ಬಾಯಿಗೆ ತಗಡು ಹೊಡೆಸಿದ ಗೇಟು ಬಂತು. ಈ ಕಡೆಯವರಿಗೆ ಆ ಕಡೆಯವರು ಕಾಣುವುದಿಲ್ಲ. ಗೇಟು ತೆಗೆದು ಹಾಕುವ ಕೆಲಸ ನನಗೆ ಬಂತು. ಕೀಲಿ ಅಡುಗೆಮನೆಯ ಮೊಳೆಗೆ ತೂಗುಹಾಕಿರುತ್ತಿತ್ತು. ಮೊದಮೊದಲು ಬೆಳಗಾಗುತ್ತಲೇ ಓಡಿಹೋಗಿ ತೆಗೆಯುತ್ತಿದ್ದೆ. ಆಮೇಲೆ ಲೇಔಟಿನಲ್ಲಿ ಮೊದಲನೇ ಮನೆ ಎದ್ದಿತು, ಆ ಮನೆಯವರು ಬಂದು, ತಮ್ಮ ಮುಂದೆ ದನ ಮಂದಿ ಹಾಯುತ್ತಾರೆ ಅಂತ ದೂರು ಹೇಳಿ ಹೋದರು. ಗೇಟು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅಂತಾಯಿತು. ಇನ್ನೊಂದು ಮನೆ ಎದ್ದಿತು. ಕರೆದರೆ ತೆಗೆಯುವುದು ಅಂತಾಯಿತು. ಕರೆದಾಗ ನಾನು ತಕ್ಷಣ ಹೋಗುತ್ತಿದ್ದೆನೇ? ಸುಳ್ಳು ಹೇಳಲಾರೆ. ದೊಡ್ಡವರು, ನನ್ನ ಅಜ್ಜಿಯ ವಯಸ್ಸಿನವರು, ತಗಡಿನ ಆಚೆ ನಿಂತು “ತಂಗೀ, ತಗೀಯವಾ” ಅನ್ನುವುದನ್ನು ಕೇಳುವುದರಲ್ಲಿ ಒಂದು ರುಚಿ ಇತ್ತು. ಒಮ್ಮೆ ಹುಲಿಗೆವ್ವನನ್ನೇ, ನನ್ನ ಎರಡು ಜಡೆ ಹೆಣೆದು ಮುಗಿಯುವ ತನಕ ಬಿಸಿಲಲ್ಲಿ ನಿಲ್ಲಿಸಿದ್ದೆ. ಒಳಗೆ ಬಂದವಳು ನಕ್ಕಳು. “ಜಡಿ ಚಲೋ ಆಗ್ಯಾವ ವನಜವ್ವಾ” ಅಂದಳು.

ಏಳನೇ ತರಗತಿಯ ಪರೀಕ್ಷೆಯ ಹೊತ್ತಿಗೆ ಅಮ್ಮ ಕಂಪ್ಲಿಯಲ್ಲಿದ್ದಳು, ತಂಗಿಯ ಬಾಣಂತನಕ್ಕೆ. ಗಣಿತದ ಪರೀಕ್ಷೆಯ ದಿನ ದ್ವಾದಶಿ. ಏಕಾದಶಿ ಉಪವಾಸದ ಪಾರಣೆ ಬೇಗ ಮುಗಿಸಿ, ಅಪ್ಪ ಆಫೀಸಿಗೆ ಹೊರಡುವಾಗ ನನ್ನನ್ನು ಕರೆದು ನೆಲ ನೋಡುತ್ತ ಅಂದರು:

“ಇವತ್ತಿಂದ ಗೇಟು ತಗೀಬ್ಯಾಡಮ್ಮ. ಯಜಮಾನ್ರು ಹೇಳಿ ಕಳಿಸ್ಯಾರ. ಗೇಟು ಕಿತ್ತು ಗೋಡಿ ಕಟ್ಟಿಸ್ತಾರಂತ.”

“ಅಮ್ಮಗ ಗೊತ್ತದ?”

“ಬಂದ ಮ್ಯಾಲೆ ನಾ ಹೇಳ್ತೀನಿ.”

ಅಪ್ಪ ಹೋದರು. ನಾನು ಅಡುಗೆಮನೆಯಲ್ಲಿ ಮೊಸರವಲಕ್ಕಿ ತಿನ್ನುತ್ತಿದ್ದೆ. ಕಿಟಕಿಯಿಂದ ಮೊದಲು ದುರ್ಗಿಯ ದನಿ ಬಂತು, ಗೇಟಿನ ತಗಡು ಬಡಿದ ಸದ್ದಿನ ಜೊತೆ.

“ಲೇ ವನಜಾ! ಗೇಟು ತಗಿಯಲೇ! ಗಂಟಿ ಹೊಡೀತಾರ!”

ಆಮೇಲೆ ಹುಲಿಗೆವ್ವ.

“ವನಜವ್ವಾ, ಒಂದೀಟು ತಗೀಯವಾ. ಪರೀಕ್ಷೆಕ ಹೊತ್ತಾಗೇತಿ.”

ಅಜ್ಜಿ ದೇವರ ಮನೆಯ ಹೊಸ್ತಿಲಲ್ಲಿದ್ದವರು ಬಾಯಿ ತೆರೆಯದೆ ಕೈ ಅಲ್ಲಾಡಿಸಿದರು: ಬ್ಯಾಡ. ಒಳಗೆ ಹೋದರು. ದೇವರ ಹಾಡು ಶುರುವಾಯಿತು. ಈಗ ನನ್ನನ್ನು ನೋಡುವವರು ಯಾರೂ ಇರಲಿಲ್ಲ. ನಾನು ಎದ್ದೆ. ಕೈ ತೊಳೆದೆ. ಮೊಳೆಯಿಂದ ಕೀಲಿ ತೆಗೆದುಕೊಂಡೆ. ಗಿಡ್ಡ ಬಾಗಿಲು ತೆಗೆದು ಸಂದಿಗೆ ಇಳಿದೆ. ಗೇಟು ನನ್ನಿಂದ ಹತ್ತು ಹೆಜ್ಜೆ. ತಗಡಿನ ಕೆಳಗೆ ದುರ್ಗಿಯ ಕಾಲು ಕಾಣುತ್ತಿತ್ತು, ಒಂದೇ ಕಡೆ ನಿಲ್ಲದೆ ಕುಣಿಯುತ್ತಿತ್ತು. ಅಪ್ಪ ಬೇಡ ಅಂದಿದ್ದಾರೆ, ಅಜ್ಜಿ ಬೇಡ ಅಂದಿದ್ದಾರೆ, ಅದು ಸರಿ. ಆದರೆ ನಾನು ನಿಂತದ್ದು ಅದಕ್ಕಲ್ಲ. ಅವರಿಬ್ಬರೂ ಬೇಡ ಅಂದಿದ್ದರೂ ನಾನು ತೆಗೆಯಬಹುದು ಅಂತಲೇ ಕೀಲಿ ಹಿಡಿದು ಇಳಿದಿದ್ದೆ. ನಾನು ನಿಂತದ್ದು, ಇವತ್ತು ಒಂದು ದಿನ ದುರ್ಗಿ ತಡವಾಗಿ ಹೋಗಲಿ ಅಂತ. ಅರ್ಧ ಗಂಟೆ ತಡವಾದರೆ ಎರಡು ಲೆಕ್ಕ ಬಿಡುತ್ತಾಳೆ. ಎರಡು ಲೆಕ್ಕ ಬಿಟ್ಟರೆ ನನಗಿಂತ ಹಿಂದೆ ಬೀಳುತ್ತಾಳೆ. ಇಷ್ಟೇ. ಹನ್ನೆರಡು ವರ್ಷದ ತಲೆಯಲ್ಲಿ ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಇಷ್ಟೇ ಸಾಕಾಯಿತು. ನಾನು ಉಸಿರು ಬಿಗಿಹಿಡಿದು ಗೋಡೆಗೆ ಒರಗಿ ನಿಂತೆ. ತಗಡಿನ ಆಚೆ ಏನೋ ಮಾತಾಡಿಕೊಂಡರು. ಹೆಜ್ಜೆಗಳು ದೂರವಾದವು, ಮೊದಲು ನಡಿಗೆ, ಆಮೇಲೆ ಓಟ.

ಸಾಲಿಯಲ್ಲಿ ನನ್ನ ಮುಂದಿನ ಬೆಂಚು ಖಾಲಿ ಇತ್ತು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ನಾನು ಲೆಕ್ಕ ಬರೆದೆ. ಚೆನ್ನಾಗಿ ಬರೆದೆ ಅಂತ ನೆನಪು. ಹೊರಗೆ ಬಂದಾಗ ಜವಾನ ಮಾಸ್ತರಿಗೆ ಹೇಳುತ್ತಿದ್ದ. ಕೇರಿಯ ಹೆಂಗಸು ಮಗಳ ಕೈ ಹಿಡಿದು ಹೆದ್ದಾರಿಯ ಅಂಚಿನಲ್ಲಿ ಓಡುತ್ತಿದ್ದಳಂತೆ. ಅಲ್ಲಿ ಕಾಲುದಾರಿ ಇಲ್ಲ, ಒಂದು ಕಡೆ ಲೇಔಟಿಗಾಗಿ ತೋಡಿದ ಚರಂಡಿ, ಇನ್ನೊಂದು ಕಡೆ ಸಂಡೂರಿನಿಂದ ಅದಿರು ಹೇರಿಕೊಂಡು ಬರುವ ಲಾರಿಗಳು. ಮಗಳನ್ನು ಚರಂಡಿಗೆ ದೂಡಿದಳಂತೆ. ತಾನು ಉಳಿಯಲಿಲ್ಲ.

ಅಮ್ಮ ಅಂದೇ ವಾಪಸು ಬರುವುದಿತ್ತು, ಸಂಜೆಯ ಬಸ್ಸಿಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲೇ ಯಾರೋ ಹೇಳಿದ್ದರು. ಪಡಸಾಲೆಯಲ್ಲಿ ಚೀಲವನ್ನೂ ಕೆಳಗಿಡದೆ ಕೇಳಿದಳು:

“ಗೇಟಿಗೆ ಬಂದಿದ್ರಂತ. ಯಾಕ ತಗೀಲಿಲ್ಲ?”

ನಾನು ಅಪ್ಪನ ಮೇಜಿನ ಹಿಂದೆ ಇದ್ದೆ. ಅಪ್ಪ ಎದ್ದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು.

“ನಾನು ತಗೀಬ್ಯಾಡ ಅಂದಿದ್ದೆ. ಹುಡುಗಿ ಸಾಲಿಗೆ ಹೋಗಿದ್ಳು. ಮನ್ಯಾಗ ಇದ್ದಿಲ್ಲ.”

ಅಪ್ಪನಿಗೆ ಏನು ಗೊತ್ತಿತ್ತೋ ನನಗೆ ಗೊತ್ತಿಲ್ಲ. ಅಜ್ಜಿ ಹೇಳಿದ್ದರೋ, ಅಥವಾ ನನ್ನ ಮುಖದಲ್ಲಿ ಕಂಡಿತೋ. ನನ್ನನ್ನು ಕಾಪಾಡಲು ಅಂದರೋ, ನಿಜವಾಗಿ ಹಾಗೆಯೇ ತಿಳಿದಿದ್ದರೋ. ನಾನು ಮೇಜಿನ ಮೇಲಿನ ಮೂಲೆಮಟ್ಟ ಸರಿಯಾಗಿಟ್ಟೆ. ಅಮ್ಮ ಒಳಗೆ ಹೋಗಿ, ಕೀಲಿ ತೆಗೆದುಕೊಂಡು, ಸಂದಿಯಲ್ಲಿ ನಡೆದು, ಗೇಟು ತೆಗೆದು, ಖಾಲಿ ಸೈಟುಗಳನ್ನು ದಾಟಿ ಕೇರಿಗೆ ಹೋದಳು. ನಮ್ಮ ಮನೆಯ ಹೆಂಗಸು ಆ ಚಪ್ಪಡಿ ದಾಟಿದ್ದು ಅದೇ ಮೊದಲು. ಹೆಣದ ಪಕ್ಕ ನೆಲದ ಮೇಲೆ ಕೂತಿದ್ದಳಂತೆ, ಹುಲಿಗೆವ್ವನ ಕೈ ಹಿಡಿದುಕೊಂಡು. ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಬಂದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದರು.

“ಅಲ್ಲೇ ನಿಲ್ಲು. ತಲಿಮ್ಯಾಲೆ ನೀರು ಸುರುವಿಕೊಂಡು ಒಳಗ ಬಾ.”

“ಸುರುವಿಕೋತೀನ್ರಿ. ನೀವೂ ಸುರುವಿಕೋರಿ. ನಮ್ಮ ಮನ್ಯಾಗೂ ಸಾವಾಗ್ಯದ,” ಅಂದಳು ಅಮ್ಮ.

ಅಂದಿನಿಂದ ಅವಳು ಅಪ್ಪನಿಗೆ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದಾಗ ಕಷಾಯ ಕಾಸಿದಳು. ಮಾತು ಮಾತ್ರ ಎಷ್ಟು ಬೇಕೋ ಅಷ್ಟು. ‘ಸಾರು ಹಾಕ್ಲಾ’, ‘ನೀರು ಕಾದದ’. ಮೂವತ್ತು ವರ್ಷ ಹಾಗೆಯೇ ನಡೆಯಿತು. ಅಪ್ಪ ಒಮ್ಮೆಯೂ ಬಾಯಿ ತೆರೆದು ತನ್ನ ಪರವಾಗಿ ಆಡಲಿಲ್ಲ, ನಾನು ಒಮ್ಮೆಯೂ ಬಾಯಿ ತೆರೆದು ‘ಅಮ್ಮಾ, ನಾನು ಮನೆಯಲ್ಲೇ ಇದ್ದೆ’ ಅನ್ನಲಿಲ್ಲ. ಹೇಳುವುದಕ್ಕೆ ಎಷ್ಟು ಸಲ ಅಡುಗೆಮನೆಯ ಹೊಸ್ತಿಲ ತನಕ ಹೋಗಿದ್ದೇನೆ. ಅವಳು ಏನು ಅಂತ ತಲೆ ಎತ್ತಿದರೆ, ಹಸಿವಾಗ್ಯದ ಅನ್ನುತ್ತಿದ್ದೆ.

ಅಪ್ಪ ಒಂದು ಪ್ರಯತ್ನ ಮಾಡಿದರು. ಸಂದಿಯಿಂದ ಕಾಲುವೆಯ ತನಕ ಆರು ಅಡಿಯ ದಾರಿ ಬಿಡಬೇಕು ಅಂತ ಅರ್ಜಿ ಬರೆದು, ಅದಕ್ಕೆ ಹೊಸ ನಕಾಶೆ ಹಚ್ಚಿ, ಪುರಸಭೆಯವರ ಸಭೆಗೆ ತಾವೇ ಹೋದರು. ಅಷ್ಟು ಜನರ ಎದುರು ನಿಂತು ಮಾತಾಡಿದ್ದು ಅವರ ಜೀವನದಲ್ಲಿ ಅದೊಂದೇ ಸಲ ಇರಬೇಕು. ಅಲ್ಲಿದ್ದವರು ಹಳೆಯ ಲೇಔಟ್ ನಕಾಶೆಯನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರಂತೆ. “ಇದರಾಗ ದಾರಿ ಎಲ್ಲೈತ್ರಿ ಆಚಾರ್ರ? ಇದನ್ನ ಬರದೋರು ನೀವ ಅಲ್ಲೇನು?” ಅಂದರಂತೆ. ಅಪ್ಪ ಮನೆಗೆ ಬಂದು ಆ ಮಾತನ್ನು ಗೋಡೆಗೆ ಹೇಳುವವರ ಹಾಗೆ ಹೇಳಿ, ಮಸಿ ಬಾಟಲಿಯನ್ನು ಹಿತ್ತಲ ಮೋರಿಗೆ ಸುರಿದರು. ಹೊರಗಿನ ಕೆಲಸ ಮತ್ತೆ ಹಿಡಿಯಲಿಲ್ಲ. ಗೇಟು ಕಿತ್ತು ಗೋಡೆ ಕಟ್ಟಿದರು.

ಜನ ಓಡಾಡದ ದಾರಿ ಎಷ್ಟು ಬೇಗ ಕೆಡುತ್ತದೆ ಅನ್ನುವುದನ್ನು ನಾನು ಆ ಸಂದಿಯಲ್ಲಿ ನೋಡಿದೆ. ಎರಡು ಮಳೆಗಾಲದಲ್ಲಿ ಅದು ಕಸದ ಗುಂಡಿಯಾಯಿತು. ಮೋರಿ ಕಟ್ಟಿತು, ಹಂದಿ ಬಂದವು, ಗೋದಾಮಿನವರು ಒಡೆದ ಡಬ್ಬಿಗಳನ್ನು ಅಲ್ಲೇ ಎಸೆದರು. ವಾಸನೆ ತಡೆಯಲಾರದೆ ಕಿಟಕಿಗೆ ಹಲಗೆ ಹೊಡೆಸಿದೆವು. ಅಡುಗೆಮನೆಯಲ್ಲಿ ಹಗಲೂ ದೀಪ. ಮಧ್ಯಾಹ್ನ ಅಮ್ಮ ಆ ಹಲಗೆಯ ಮುಂದೆಯೇ ಕೂಡುತ್ತಿದ್ದಳು, ಅಕ್ಕಿ ಆರಿಸುತ್ತ. ಗೋಡೆ ಮುಟ್ಟುವವರು ಯಾರೂ ಇಲ್ಲದೆ ಅಜ್ಜಿ ಎರಡು ವರ್ಷ ನೆಮ್ಮದಿಯಿಂದ ಇದ್ದು, ಮಲೇರಿಯಾ ಬಂದು ಹೋದರು. ಊರು ಮಾತ್ರ ನಿಲ್ಲಲಿಲ್ಲ. ಆ ಲೇಔಟಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕಮಲಾಪುರದ ಕಡೆ ಬಾಳೆ ತೋಟ ನುಂಗಿ ಒಂದು, ಡ್ಯಾಂ ಕಡೆ ಒಂದು. ಪ್ರತಿಯೊಂದಕ್ಕೂ ಒಂದು ಕಂಪೌಂಡು, ಹೆದ್ದಾರಿಗೆ ಒಂದೇ ಬಾಯಿ. ಅಕ್ಕಪಕ್ಕದ ಎರಡು ಬಡಾವಣೆಯವರು ಗೋಡೆಯ ಮೇಲಿಂದ ಮಾತಾಡಬಹುದು, ಒಬ್ಬರ ಮನೆಗೊಬ್ಬರು ಹೋಗಬೇಕಾದರೆ ಆಟೊ ಬೇಕು. ಕಾಲುವೆ ಅಗಲ ಮಾಡುವ ನೆವದಲ್ಲಿ ಕೇರಿಯನ್ನೂ ಎಬ್ಬಿಸಿ, ಸಂಡೂರು ರಸ್ತೆಯಲ್ಲಿ ಊರು ಮುಗಿದ ಮೇಲೆ, ಗುಡ್ಡದ ಬುಡದಲ್ಲಿ ಜಾಗ ಕೊಟ್ಟರು. ಆ ಹೊತ್ತಿಗೆ ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಟೀಚರಾಗಿದ್ದೆ. ಗಣಿತದ ಟೀಚರು.

ಅಪ್ಪ ಮೊದಲು ಹೋದರು, ಅಮ್ಮ ಕಳೆದ ಚಳಿಗಾಲದಲ್ಲಿ. ಅವಳ ವರ್ಷಾಂತಿಕ ಮುಗಿಸಿ ಮರುದಿನ ಬೆಳಿಗ್ಗೆ ಆಟೊ ಮಾಡಿಕೊಂಡು ದುರ್ಗಿಯನ್ನು ಹುಡುಕಿ ಹೋದೆ. ಮೂರು ಬಡಾವಣೆ ಹೊಕ್ಕು ಮೂರು ಗೋಡೆ ನೋಡಿ ವಾಪಸು ತಿರುಗಿದ ಮೇಲೆ ಆಟೊದವನು ಬೇಸತ್ತ. “ಕಣ್ಣಿಗೆ ಕಾಣಾಕ್ಹತ್ತೈತಿ ಮೇಡಂ, ಹೋಗಾಕ ದಾರಿ ಇಲ್ಲ” ಅಂದ. ಕಡೆಗೆ ಹೆದ್ದಾರಿಗೇ ಬಂದು ಸುತ್ತಿ ಹೋದೆವು. ದುರ್ಗಿ ಅಲ್ಲಿನ ಸಾಲಿಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅಂದು ರಜೆ. ಸಿಮೆಂಟ್ ಶೀಟಿನ ಮನೆಯ ಮುಂದೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

“ಯಾರ್ರಿ?” ಅಂದವಳು ಎರಡು ನಿಮಿಷ ನನ್ನ ಮುಖ ನೋಡಿ ಎದ್ದು ನಿಂತಳು. “ಲೇ, ವನಜಾ ಏನಲೇ? ಬಾ, ಕುಂದ್ರು ಬಾ.”

ಚಹಾಕ್ಕಿಟ್ಟಳು. ತಾಯಿ ಹೋದ ಮೇಲೆ ತಮ್ಮನನ್ನು ಸಾಕಬೇಕಾಗಿ ಬಂತು, ಸಾಲಿ ಅಲ್ಲಿಗೇ ನಿಂತಿತು ಅಂತ ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದಳು. ನನ್ನ ಅಮ್ಮ ಹೋದದ್ದು ಕೇಳಿ ಕಣ್ಣೊರೆಸಿಕೊಂಡಳು. “ನಿಮ್ಮವ್ವ ನಮ್ಮವ್ವನ ಕೈ ಹಿಡಕೊಂಡು ಕುಂತಿದ್ದು ಮರಿಯಂಗಿಲ್ಲ” ಅಂದಳು. ಆಮೇಲೆ ಅಂದಳು:

“ಅವತ್ತ ಗೇಟಿನ್ಯಾಗ ನಾ ನಿನಗ ಬೈಯಾಕ್ಹತ್ತಿದ್ದೆ. ನಮ್ಮವ್ವ ಬಿಡಲಿಲ್ಲ. ‘ಬೈಬ್ಯಾಡ, ವನಜವ್ವ ಆಗಲೇ ಸಾಲಿಗೆ ಹೋಗ್ಯಾಳ. ಮನ್ಯಾಗ ಇದ್ದಿದ್ರ ತಗೀತಿದ್ಳು’ ಅಂದ್ಳು. ಅದ ಆಕಿ ಆಡಿದ ಕಡೀ ಮಾತು. ಆಮ್ಯಾಲೆ ಬರೇ ಓಡಿದ್ವಿ.”

ಇಲ್ಲಿ ನಾನು ಸುಮ್ಮನಿದ್ದು ಎದ್ದು ಬರಬಹುದಿತ್ತು. ಬರಬೇಕಿತ್ತೋ ಏನೋ, ಈಗಲೂ ಗೊತ್ತಾಗುವುದಿಲ್ಲ. ಹೇಳಿಬಿಟ್ಟೆ. ಸಂದಿಯಲ್ಲಿ ಇಳಿದು ನಿಂತದ್ದು, ಅವಳ ಕಾಲು ಕಂಡದ್ದು, ಎರಡು ಲೆಕ್ಕ. ಎಲ್ಲ ಹೇಳಿದೆ. ಅವಳ ಬೆರಳು ಮೆಣಸಿನಕಾಯಿಯ ಮೇಲೆ ನಿಂತಿತು. ಒಳಗೆ ಚಹಾ ಉಕ್ಕಿ ಸ್ಟೋವಿನ ಮೇಲೆ ಚುರ್ ಅಂದಿತು. ಅವಳು ಎದ್ದು ಹೋಗಿ ಆರಿಸಿ, ಲೋಟಕ್ಕೆ ಬಸಿದು ತಂದು ನನ್ನ ಮುಂದಿಟ್ಟಳು.

“ಇದನ್ನ ಹೇಳಾಕ ಇಷ್ಟು ದೂರ ಬಂದ್ಯಾ?”

“ಯಾರಿಗೂ ಹೇಳಿಲ್ಲ ದುರ್ಗಿ. ಅಮ್ಮಗೂ ಹೇಳಲಿಲ್ಲ.”

“ಹ್ಞೂಂ. ಈಗ ನಿನಗ ಹಗುರಾತು.” ಅವಳ ದನಿ ಏರಲಿಲ್ಲ. “ನಮ್ಮವ್ವನದು ಅಂತ ನನ್ನ ಹತ್ರ ಒಂದು ಸೀರಿ ಇಲ್ಲ, ಒಂದು ಫೋಟೋ ಇಲ್ಲ. ಆ ಮಾತೊಂದು ಇತ್ತು. ಅದನ್ನೂ ಸುಳ್ಳು ಮಾಡಿ ಹೊಂಟಿ.”

ಅವಳು ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು.

“ಚಾ ಆರ್ತೈತಿ, ಕುಡಿ.”

ಕುಡಿದೆ. ಲೋಟ ತೊಳೆದಿಡಲು ಹೋದರೆ ಬ್ಯಾಡ ಅಂತ ಕಸಿದುಕೊಂಡಳು. ಆಟೊದವನು ಹಾರ್ನು ಹೊಡೆಯುತ್ತಿದ್ದ. ನಾನು ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಂಡು, ಬರಲಾ ಅಂದೆ. ನಮ್ಮ ಕಡೆ ಮನೆಯಿಂದ ಹೊರಟವರಿಗೆ, ಅವರು ಎಂಥವರೇ ಆಗಿರಲಿ, ‘ಹೋಗಿ ಬಾ’ ಅನ್ನುತ್ತಾರೆ. ದುರ್ಗಿ ತಲೆ ಎತ್ತದೆ ಅಂದಳು:

“ಹೋಗು.”